ಆ 200 ವ್ಯಾಟನ್ನ ಯಾರು ತೂಗಿದ್ರು?

1/10

ಫೋಟೋದಾಗ ಕಾಣೋದು ಅಂಗೈ ಅಗಲದ ಒಂದು ಬೋರ್ಡ್. ನಡುವೆ ಒಂದೇ ಒಂದು ಐಸಿ, ಅದರ ಬೆನ್ನಿಗೆ ಬೆರಳುದ್ದದ ಅಲ್ಯೂಮಿನಿಯಂ ಪಟ್ಟಿ, ಮುಂದೆ ವಾಲ್ಯೂಮ್, ಬಾಸ್, ಟ್ರೆಬಲ್ ಅಂತ ಮೂರು ಕಂಟ್ರೋಲ್. ಪ್ಯಾಕೆಟ್ ಮೇಲೆ ಕೆಂಪು ಅಕ್ಷರದಾಗ ‘200 ವ್ಯಾಟ್’. ಐಸಿ ಯಾವುದು ಅಂದ್ರ ನಮ್ಮ ಹುಡುಗರಿಗೆಲ್ಲ ಪರಿಚಯದ 4440. ಆಂಪ್ಲಿಫೈಯರ್ ಹುಚ್ಚು ಹತ್ತಿದವರು ಬಹಳಷ್ಟು ಮಂದಿ ಶುರು ಮಾಡೋದೇ ಇಲ್ಲಿಂದ. ಶುರು ಮಾಡೋದಕ್ಕ ನನ್ನ ತಕರಾರಿಲ್ಲ. ತಕರಾರು ಇರೋದು ಆ 200ಕ್ಕ.

ರವಿವಾರ ಪೇಟೆ ಅಂದ್ರ ತೂಕದ ಪೇಟೆ. ಬೆಲ್ಲ ಇರ್ಲಿ, ಬೇಳೆ ಇರ್ಲಿ, ಕಾಟಾದ ಮೇಲೆ ಹತ್ತದೆ ಒಂದು ಚೀಲನೂ ಕೈ ಬದಲಾಗೋದಿಲ್ಲ. 50 ಕಿಲೋ ಅಂತ ಬರೆದ ಚೀಲದಾಗ 5 ಕಿಲೋ ತುಂಬಿ ಮಾರಿದ್ರ ಆ ವ್ಯಾಪಾರಿ ಮರುದಿನ ಪೇಟೆಯಾಗ ತಲೆ ಎತ್ತಿ ಓಡಾಡ್ಲಿಕ್ಕೆ ಆಗ್ತದೇನು? ಆದ್ರ 19 ವ್ಯಾಟ್ ಕೊಡೋ ಬೋರ್ಡಿಗೆ 200 ಅಂತ ಬರೆದ್ರ ಯಾರೂ ಕೇಳೋದಿಲ್ಲ. ಅದೇ ಹಮಾಲರ ಮಗ, ಅದೇ ಕಿರಾಣಿ ಅಂಗಡಿಯವರ ಮಗ, ಬೇಳೆ ತೂಗಿ ತಗೊಂಡವನೇ ಇದನ್ನ ತೂಗದೆ ತಗೊಂಡು ಬರ್ತಾನ.

ಹೋದ ತಿಂಗಳಿಂದ ಡಿಎಂನಾಗ ಒಂದೇ ಪ್ರಶ್ನೆ: “ಅಣ್ಣಾ, 200 ವ್ಯಾಟಿನ ಬೋರ್ಡ್ ತಗೊಳ್ಳೋದಾ, 400ರದ್ದಾ?” ಒಬ್ಬೊಬ್ಬರಿಗೆ ಉತ್ತರ ಬರೆಯೋದು ಬಿಟ್ಟು ಎಲ್ಲಾ ಸೇರಿಸಿ ಇಲ್ಲೇ ಬರೀತೀನಿ. ಉದ್ದ ಐತಿ. ಚಹಾ ತಗೊಂಡು ಕುಂದರ್ರಿ.

2/10

ಲೆಕ್ಕ ಹೈಸ್ಕೂಲಿಂದು, ಹೆದರಬ್ಯಾಡ್ರಿ.

ಈ ಬೋರ್ಡಿಗೆ ನೀವು ಹಚ್ಚೋದು 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್. 12 ಗುಣಿಸು 2, ಅಂದ್ರ 24 ವ್ಯಾಟ್. ಒಳಗ ಹೋಗೋದೇ 24 ಇದ್ದಾಗ ಹೊರಗ 200 ಬರೋದು ಹೆಂಗ? 200 ಬರಬೇಕಂದ್ರ ಒಳಗ ಕನಿಷ್ಠ 17 ಆಂಪಿಯರ್ ಹರೀಬೇಕು, ಅದೂ ಐಸಿ ಒಂದು ಚೂರೂ ಬಿಸಿಯಾಗದೆ. ಆ ದಾರದಂಥಾ ವೈರು 17 ಆಂಪಿಯರಿಗೆ ಮೊದಲ ನಿಮಿಷಕ್ಕೇ ಹೊಗೆ ಬಿಡ್ತದ.

ಇನ್ನೊಂದು ದಾರಿಯಿಂದ ನೋಡ್ರಿ. ಸ್ಪೀಕರಿಗೆ ಹೋಗೋ ಅಲೆ ಎಷ್ಟು ಎತ್ತರ ಏಳಬಹುದು ಅನ್ನೋದನ್ನ ಪವರ್ ಸಪ್ಲೈ ನಿರ್ಧರಿಸುತ್ತದೆ. ಐಸಿಯ ಎರಡೂ ಭಾಗ ಸೇರಿಸಿ ಬ್ರಿಡ್ಜ್ ಮಾಡಿದ್ರೂ 12 ವೋಲ್ಟ್ ಸಪ್ಲೈದಾಗ ಅಲೆಯ ತುದಿ 12 ವೋಲ್ಟ್ ದಾಟೋದಿಲ್ಲ. 12ರ ವರ್ಗ 144. ಅದನ್ನ 4 ಓಮ್ ಸ್ಪೀಕರಿನ ಎರಡರಷ್ಟು, ಅಂದ್ರ 8ರಿಂದ ಭಾಗಿಸಿದ್ರ 18 ವ್ಯಾಟ್. ಏನೂ ನಷ್ಟ ಇಲ್ಲ ಅಂತ ಹಿಡಿದ್ರೂ ಇಷ್ಟೇ. ಐಸಿ ಮಾಡಿದ ಸ್ಯಾನ್ಯೋ ಕಂಪನಿಯ ಡೇಟಾಶೀಟ್ ಸುಳ್ಳು ಹೇಳಿಲ್ಲ: 13.2 ವೋಲ್ಟಿಗೆ, 4 ಓಮಿಗೆ, ಸ್ಟೀರಿಯೋದಾಗ 6 ವ್ಯಾಟಿನ ಎರಡು ಚಾನೆಲ್, ಬ್ರಿಡ್ಜ್ ಮಾಡಿದ್ರ 19 ವ್ಯಾಟ್. ಆ 19 ಸಹ ಧ್ವನಿ ಹತ್ತು ಪ್ರತಿಶತ ಕೆಟ್ಟಾಗಿನ ಅಂಕಿ. ಕಾರಿನ ಟೇಪ್‌ರೆಕಾರ್ಡರಿಗೆ ಅಂತ ಹುಟ್ಟಿದ ಪ್ರಾಮಾಣಿಕ ಐಸಿ ಅದು. ಸುಳ್ಳು ಹುಟ್ಟಿದ್ದು ಪ್ಯಾಕೆಟ್ ಮೇಲೆ.

ಪಿಎಂಪಿಒ ಅಂತ ಒಂದು ಶಬ್ದ ಇತ್ತಲ್ಲ, 90ರ ದಶಕದ ಟೂ-ಇನ್-ವನ್ ಡಬ್ಬಿಗಳ ಮೇಲೆ? ಅದರ ಮೊಮ್ಮಗ ಇದು. ಅವಾಗ ಕನಿಷ್ಠ ಪಿಎಂಪಿಒ ಅಂತ ಬರೆಯೋ ನಾಚಿಕೆ ಇತ್ತು.

3/10

ಹಂಗಾದ್ರ ಮನಿಗೆ ಎಷ್ಟು ವ್ಯಾಟ್ ಬೇಕು? ನನ್ನ ಅಭಿಪ್ರಾಯ ಸೀದಾ ಹೇಳ್ತೀನಿ: ಒಂದು ಚಾನೆಲಿಗೆ 25ರಿಂದ 40 ನಿಜವಾದ ವ್ಯಾಟ್. ಅದರ ಮ್ಯಾಲೆ ಹಾಕೋ ಪ್ರತಿ ರೂಪಾಯಿ ಬೇರೆ ಕಡೆ ಹಾಕ್ರಿ.

ಮನೆಯ ಸಾದಾ ಸ್ಪೀಕರ್ ಪೆಟ್ಟಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 86ರಿಂದ 88 ಡೆಸಿಬೆಲ್ ಸದ್ದು ಮಾಡುತ್ತದೆ. ಕುಂತು ಆರಾಮ ಹಾಡು ಕೇಳೋದು 75–80 ಡೆಸಿಬೆಲ್ ಮಟ್ಟದಾಗ. ಅಂದ್ರ ನೀವು ಬಳಸ್ತಾ ಇರೋದು ಕಾಲು ವ್ಯಾಟಿಗಿಂತ ಕಡಿಮೆ. ಹೌದ್ರಿ, ಕಾಲು ವ್ಯಾಟ್. ತಬಲಾದ ಥಾಪಿಗೆ, ಡೊಳ್ಳಿನ ಪೆಟ್ಟಿಗೆ ಅಲೆ ಒಂದು ಕ್ಷಣ 20 ಡೆಸಿಬೆಲ್ ಜಿಗೀಬಹುದು. 20 ಡೆಸಿಬೆಲ್ ಅಂದ್ರ ನೂರರಷ್ಟು ಪವರ್. ಕಾಲು ವ್ಯಾಟಿನ ನೂರರಷ್ಟು 25. ನನ್ನ ಅಂಕಿ ಅಲ್ಲಿಂದ ಬಂತು.

40ರಿಂದ 80ಕ್ಕೆ ಹೋದ್ರ ಸಿಗೋದು ಬರೀ 3 ಡೆಸಿಬೆಲ್. ವಾಲ್ಯೂಮ್ ಒಂದು ಚೂರು ತಿರುಗಿಸಿದಷ್ಟು. ಕಿವಿಗೆ ‘ದುಪ್ಪಟ್ಟು’ ಅನಿಸಬೇಕಂದ್ರ 10 ಡೆಸಿಬೆಲ್ ಬೇಕು, ಅಂದ್ರ 40 ಇದ್ದದ್ದು 400 ಆಗಬೇಕು. ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ಸ್ಪೀಕರ್ ಎಲ್ಲಾ ಹತ್ತರಷ್ಟು.

“ಗಣಪತಿಗೆ ಬೇಕು ಅಣ್ಣಾ” ಅನ್ನೋರಿಗೆ ನನ್ನ ಹತ್ರ ಉತ್ತರ ಇಲ್ಲ, ಇದು ಆ ಸರಣಿನೂ ಅಲ್ಲ. ಒಂದು ತಮಾಷಿ ಮಾತ್ರ ಹೇಳ್ತೀನಿ. ಗೋಡೆ ಎತ್ತರದ ಸ್ಪೀಕರಿಗೆ ನಾವು ಬೆಳಗಾವಿ–ಕೊಲ್ಹಾಪುರ ಕಡೆಯವರು ‘ಡಾಲ್ಬಿ’ ಅಂತೀವಿ. ಡಾಲ್ಬಿ ಅನ್ನೋ ಕಂಪನಿ 1965ರಲ್ಲಿ ಹುಟ್ಟಿದ್ದು, ಮೊದಲು ಹೆಸರು ಮಾಡಿದ್ದು ಟೇಪಿನ ಸುಯ್ ಅನ್ನೋ ಸದ್ದನ್ನ ಕಡಿಮೆ ಮಾಡಿ! 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಾಗ ಹಗಲು 55, ರಾತ್ರಿ 45 ಡೆಸಿಬೆಲ್. ರವಿವಾರ ಪೇಟೆಯ ಓಣಿಯಾಗ ಒಂದು ಲಾರಿ ರಿವರ್ಸ್ ತಗೊಂಡ್ರ ಅದು ದಾಟ್ತದ, ಆ ಮಾತು ಬ್ಯಾರೆ.

4/10

ಈ ಫೋಟೋದಾಗ ಇರೋದು ಟ್ರಾನ್ಸ್‌ಫಾರ್ಮರ್. ಆಂಪ್ಲಿಫೈಯರಿನ ಹೊಟ್ಟಿ ಇದು. ಹುಡುಗರು ಕೊನೇಗೆ, ಉಳಿದ ರೊಕ್ಕದಾಗ ಇದನ್ನ ತರ್ತಾರ. ಉಲ್ಟಾ ಮಾಡ್ರಿ. ಮೊದಲು ಇದನ್ನ ತರ್ರಿ, ಆಮೇಲೆ ಉಳಿದದ್ದು.

18-0-18 ಟ್ರಾನ್ಸ್‌ಫಾರ್ಮರ್ ತಗೊಂಡ್ರ ಡಯೋಡ್, ಕೆಪ್ಯಾಸಿಟರ್ ದಾಟಿ ಪ್ಲಸ್ 24, ಮೈನಸ್ 24 ವೋಲ್ಟ್ ಹತ್ರ ಸಿಗ್ತದ. ಅದರಾಗ ಟ್ರಾನ್ಸಿಸ್ಟರುಗಳು ಒಂದೆರಡು ಮೂರು ವೋಲ್ಟ್ ತಿಂದು, 8 ಓಮಿಗೆ ಹತ್ತಿರ ಹತ್ತಿರ 27 ವ್ಯಾಟ್ ಸ್ವಚ್ಛವಾಗಿ ಬರ್ತದ. ಮನಿಗೆ ಅಷ್ಟು ಸಾಕು. ಎರಡು ಚಾನೆಲಿಗೆ 100–120 ವಿಎ ಟ್ರಾನ್ಸ್‌ಫಾರ್ಮರ್ ಇರ್ಲಿ. ಇಲ್ಲಿ ನಮ್ಮ ಪೇಟೆಯ ಬುದ್ಧಿ ಉಪಯೋಗಕ್ಕ ಬರ್ತದ: ಒಂದೇ ವಿಎ ಬರೆದ ಎರಡು ಟ್ರಾನ್ಸ್‌ಫಾರ್ಮರ್ ಇದ್ರ ಕಾಟಾಕ್ಕ ಹಾಕ್ರಿ. ಭಾರ ಇದ್ದದ್ದನ್ನ ತಗೋರಿ. ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿದ್ದು, ಕಬ್ಬಿಣ ಕಡಿಮೆ ಹಾಕಿದ್ದು, ಎರಡೂ ಹಗುರ ಇರ್ತಾವ.

ಖಾನಾಪುರ ಕಡೆಯವರು ಇನ್ನೊಂದು ಲಕ್ಷ್ಯದಾಗ ಇಟ್ಕೋರಿ. ಹಳ್ಳಿಯಾಗ ಸಂಜಿಗೆ ಪಂಪ್‌ಸೆಟ್ಟು, ಮಿಕ್ಸರು ಎಲ್ಲಾ ಚಾಲೂ ಇದ್ದಾಗ ವೋಲ್ಟೇಜ್ ಇಳೀತದ. ನಡುರಾತ್ರಿ ಎಲ್ಲಾ ಬಂದ್ ಆದ ಮ್ಯಾಲೆ ಏರ್ತದ. ಇಳಿದ್ರ ಆಂಪ್ಲಿಫೈಯರ್ ಸಾಯೋದಿಲ್ಲ, ಏರಿದ್ರ ಸಾಯ್ತದ. ಎಲ್‌ಎಂ3886 ಐಸಿ ಬಹಳ ಒಳ್ಳೇದು, ಆದ್ರ ಹಾಡು ನಡೆದಾಗ ಎರಡೂ ಬದಿ ಸೇರಿ 84 ವೋಲ್ಟ್ ಅದರ ಗರಿಷ್ಠ ಮಿತಿ. 28-0-28 ಹಾಕಿದ್ರ 230 ವೋಲ್ಟ್ ಮೇನ್ಸಿಗೆ 78 ಹತ್ರ ಬರ್ತದ, ಖುಷಿ ಆಗ್ತದ. ಮೇನ್ಸ್ 255 ಆದ ರಾತ್ರಿ ಅದು 86 ಆಗ್ತದ. 24-0-24 ಹಾಕಿದ್ರ ಅದೇ ರಾತ್ರಿ 73ರಾಗ ಇರ್ತದ. ನಾಕು ವೋಲ್ಟಿನ ಆಸೆಗೆ ಐಸಿ ಕಳ್ಕೊಬ್ಯಾಡ್ರಿ. ನಿಮ್ಮ ಮನಿ ಪ್ಲಗ್‌ನಾಗ ರಾತ್ರಿ ಎಷ್ಟು ವೋಲ್ಟ್ ಐತಿ ಅಂತ ಒಂದು ವಾರ ಅಳೆದು ಬರೆದಿಟ್ಟು, ಆಮೇಲೆ ಟ್ರಾನ್ಸ್‌ಫಾರ್ಮರ್ ಆರ್ಡರ್ ಮಾಡ್ರಿ.

5/10

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಐತಿ, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಐತಿ, ನಮಗೇನೈತಿ ಅಂತ ಗೊಣಗೋರಿಗೆ: ನಮಗ ಉದ್ಯಮಬಾಗ ಐತಿ!

ಬೆಳಗಾವಿ ಟ್ರಾನ್ಸಿಸ್ಟರಿನ ಊರಲ್ಲ, ಲೋಹದ ಊರು. ಫೌಂಡ್ರಿ, ಲೇಥು, ಮಿಲ್ಲಿಂಗ್, ಹೈಡ್ರಾಲಿಕ್ಸ್ ಇವಕ್ಕ ಹೆಸರಾದ ಊರು. ಅಲ್ಯೂಮಿನಾ ತಯಾರಿಸೋ ಕಾರ್ಖಾನೆನೂ ಇಲ್ಲೇ ಐತಿ. ಟ್ರಾನ್ಸಿಸ್ಟರ್ ಪೋಸ್ಟಿನಾಗ ಬರ್ತದ, ಐದು ಗ್ರಾಂ. ಹೀಟ್‌ಸಿಂಕ್ ಪೋಸ್ಟಿನಾಗ ತರಿಸಿದ್ರ ಸಾಗಣೆ ಖರ್ಚೇ ಮೂಗಿಗಿಂತ ಮೂಗುತಿ ಭಾರ ಅನ್ನೋಹಂಗ ಆಗ್ತದ. ಅದೇ ಹೀಟ್‌ಸಿಂಕ್ ನಮ್ಮೂರಾಗ ಕಿಲೋ ಲೆಕ್ಕದ ಗುಜರಿಯಾಗ ಸಿಗ್ತದ, ಯಾರಾದ್ರೂ ಪರಿಚಯದ ಮಶಿನ್ ಶಾಪಿನವರು ಇದ್ರ ಅದರ ಮುಖ ಕನ್ನಡಿಹಂಗ ಸಮ ಮಾಡಿ ಕೊಡ್ತಾರ. ಈ ಫೋಟೋದಾಗಿನದು ಅಂಥದ್ದೇ.

ಮುಖ ಸಮ ಯಾಕಿರಬೇಕು? ಟ್ರಾನ್ಸಿಸ್ಟರಿನ ಬಿಸಿ ಲೋಹಕ್ಕೆ ದಾಟೋದು ತಾಗಿದ ಜಾಗದಿಂದ ಮಾತ್ರ. ಡ್ರಿಲ್ ಮಾಡಿದ ತೂತಿನ ಅಂಚು ಕೂದಲೆಳೆಯಷ್ಟು ಎದ್ದಿದ್ರೂ ಟ್ರಾನ್ಸಿಸ್ಟರ್ ಅದರ ಮೇಲೆ ನಿಂತು ಉಳಿದ ಕಡೆ ಗಾಳಿ ತುಂಬ್ತದ. ಪೇಸ್ಟ್ ಎಷ್ಟು ಬಳಿದ್ರೂ ಉಪಯೋಗ ಇಲ್ಲ. ಪೇಸ್ಟ್ ಅನ್ನೋದು ಸಣ್ಣ ಸಣ್ಣ ಗೀರು ತುಂಬೋಕೆ, ರೊಟ್ಟಿಗೆ ಬೆಣ್ಣಿ ಹಚ್ಚಿದಂಗ ಹಚ್ಚೋಕೆ ಅಲ್ಲ.

ಎಷ್ಟು ದೊಡ್ಡದು ಬೇಕು ಅನ್ನೋದಕ್ಕೂ ಲೆಕ್ಕ ಐತಿ. 24 ವೋಲ್ಟ್ ಸಪ್ಲೈ, 8 ಓಮ್ ಸ್ಪೀಕರ್ ಇದ್ರ ಒಂದು ಚಾನೆಲ್ ಅತಿ ಹೆಚ್ಚು ಅಂದ್ರ 15 ವ್ಯಾಟ್ ಹತ್ರ ಬಿಸಿ ಹೊರಹಾಕ್ತದ. 4 ಓಮ್ ಸ್ಪೀಕರ್ ಆದ್ರ ಅದರ ದುಪ್ಪಟ್ಟು. ವಿಚಿತ್ರ ಏನಂದ್ರ, ಅತಿ ಹೆಚ್ಚು ಬಿಸಿ ಆಗೋದು ಫುಲ್ ವಾಲ್ಯೂಮಿನಾಗ ಅಲ್ಲ, ಗರಿಷ್ಠ ಪವರಿನ 40 ಪ್ರತಿಶತದ ಸುತ್ತಮುತ್ತ. ‘ಅರ್ಧಾನೇ ಇಟ್ಟಿದ್ದೆ, ಆದ್ರೂ ಸುಟ್ಟಿತು’ ಅನ್ನೋರ ಮಾತು ಸುಳ್ಳಲ್ಲ.

ಮಳೆಗಾಲದ ಮಾತು. ಜಾಂಬೋಟಿ, ಕಣಕುಂಬಿ ಕಡೆ ಮಳೆ ಹಿಡೀತಂದ್ರ ಗೋಡೆಯೂ ಬೆವರ್ತದ. ಸೋಲ್ಡರ್ ಮಾಡಿದ ಮೇಲೆ ಉಳಿದ ಫ್ಲಕ್ಸ್ ಆ ತೇವ ಕುಡಿದು ತಾಮ್ರವನ್ನ ಹಸಿರು ಮಾಡ್ತದ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜೋ ಬ್ರಶ್ಶಿಂದ ತಿಕ್ಕಿ, ಒಣಗಿದ ಮೇಲೆ ಬೋರ್ಡಿನ ಹಿಂದಿನ ಬದಿಗೆ ತೆಳ್ಳಗೆ ವಾರ್ನಿಶ್ ಹೊಡೀರಿ. ಅರ್ಧ ತಾಸಿನ ಕೆಲಸ.

6/10

ಸಿ5200, ಎ1943. ತೋಶಿಬಾದ ಈ ಜೋಡಿ ಹೆಸರು ಕೇಳದ ಆಂಪ್ಲಿಫೈಯರ್ ಹುಡುಗ ಇಲ್ಲ. ಅಸಲಿ ಆದ್ರ 230 ವೋಲ್ಟ್, 15 ಆಂಪಿಯರ್ ತಡೀತಾವ. ನಕಲಿಯೊಳಗ ಬೆರಳುಗುರಿನ ತುದಿಯಷ್ಟು ಸಣ್ಣ ಸಿಲಿಕಾನ್ ಚೂರು ಇಟ್ಟು, ಹೊರಗ ಅದೇ ಹೆಸರು ಅಚ್ಚು ಹೊಡೆದಿರ್ತಾರ. ಮೀಟರಿಗೆ ಹಚ್ಚಿದ್ರ ಎರಡೂ ಒಂದೇ ತೋರಿಸ್ತಾವ. ವಾಲ್ಯೂಮ್ ಏರಿಸಿದಾಗ ಗೊತ್ತಾಗ್ತದ.

ಹತ್ತು ತರೋದಿದ್ರ ಹನ್ನೊಂದು ತರ್ರಿ. ಒಂದನ್ನ ವೈಸ್‌ನಾಗ ಹಿಡಿದು ಒಡೆದು ನೋಡ್ರಿ. ಇದು ನನ್ನ ಖಡಾಖಂಡಿತ ಸಲಹೆ, ಇದಕ್ಕ ‘ರೊಕ್ಕ ದಂಡ’ ಅನ್ನೋರು ಮೆಣಸಿನಕಾಯಿ ಚೀಲದಾಗಿಂದ ಒಂದನ್ನ ಮುರಿದು ಮೂಸಿ ನೋಡೋದನ್ನೂ ದಂಡ ಅಂತಾರೇನು?

7/10

ಈಗ ಜೀವದ ಮಾತು. ಇಷ್ಟೊತ್ತು ನಕ್ಕೊಂಡು ಬರೆದೆ, ಇಲ್ಲಿ ನಗೋದಿಲ್ಲ.

ನೂರಾರು ರೀಲ್ಸ್ ನೋಡ್ರಿ: ಪ್ಲೈವುಡ್ ಹಲಗೆ ಮೇಲೆ ಟ್ರಾನ್ಸ್‌ಫಾರ್ಮರ್, ಬರೀ ವೈರ್ ಸುತ್ತಿ ಸೆಲೋಟೇಪ್ ಹಚ್ಚಿದ 230 ವೋಲ್ಟಿನ ಜೋಡಣೆ, ಎರಡು ಪಿನ್ನಿನ ಪ್ಲಗ್. ಪಕ್ಕದಾಗ ಹುಡುಗನ ಬರಿಗಾಲು. ಹಾಡು ಬಂತು, ಲೈಕ್ ಬಂತು. ಆ ವಿಡಿಯೋ ನೋಡಿ ಇನ್ನೂ ನಾಕು ಹುಡುಗರು ಹಂಗೇ ಕಟ್ತಾರ.

ನನ್ನ ಮಟ್ಟಿಗೆ ನಿಯಮ ಕಡಿಮೆ, ಆದ್ರ ರಿಯಾಯಿತಿ ಇಲ್ಲ. ಲೋಹದ ಪೆಟ್ಟಿಗೆ, ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ವೈರ್ ಪೆಟ್ಟಿಗೆಗೆ ಬೋಲ್ಟ್ ಹಾಕಿ ಬಿಗಿದದ್ದು. ಫ್ಯೂಸ್ ಮೇನ್ಸಿನ ಫೇಸ್ ವೈರಿನಾಗ, ಸ್ವಿಚ್ಚಿಗಿಂತ ಮೊದಲು. ನಮ್ಮ ಹಳೇ ಓಣಿಯ ಎಷ್ಟೋ ಮನಿಯಾಗ ಪ್ಲಗ್ಗಿಗೆ ಮೂರು ತೂತು ಇರ್ತಾವ, ಮೂರನೇದರ ಹಿಂದೆ ಏನೂ ಇರೋದಿಲ್ಲ. ಮೊದಲು ಎಲೆಕ್ಟ್ರಿಶಿಯನ್ ಕರೆದು ಅದನ್ನ ನೋಡಿಸ್ರಿ, ಆಂಪ್ಲಿಫೈಯರ್ ಒಂದು ತಿಂಗಳು ತಡ ಆದ್ರೂ ನಡೀತದ.

ಮೊದಲ ಸಲ ಆನ್ ಮಾಡೋದು ಸೀರೀಸ್ ಬಲ್ಬಿನ ಮೂಲಕ. ಫೋಟೋದಾಗ ಕಾಣ್ತದಲ್ಲ, 60 ವ್ಯಾಟಿನ ಹಳೇ ತಂತಿ ಬಲ್ಬು, ಅದು ಮೇನ್ಸಿಗೂ ಆಂಪ್ಲಿಫೈಯರಿಗೂ ನಡುವೆ. ಎಲ್ಲಾ ಸರಿ ಇದ್ರ ಬಲ್ಬು ಒಂದ್ಸಲ ಮಿಂಚಿ ಮಂಕಾಗ್ತದ. ಎಲ್ಲೋ ಶಾರ್ಟ್ ಇದ್ರ ಬಲ್ಬು ಪೂರ್ತಿ ಬೆಳಕು ಕೊಡ್ತದ, ನಿಮ್ಮ ಟ್ರಾನ್ಸಿಸ್ಟರುಗಳು ಉಳೀತಾವ. ಎಲ್‌ಇಡಿ ಬಲ್ಬು ನಡೆಯೋದಿಲ್ಲ. ಅಜ್ಜಿ ಮನಿ ದೇವರ ಕೋಣೆಯಾಗ ಹಳೇದೊಂದು ಇದ್ದೇ ಇರ್ತದ, ಕೇಳಿ ತಗೊಂಡು ಬರ್ರಿ.

ಇನ್ನೊಂದು. ಔಟ್‌ಪುಟ್ ಟ್ರಾನ್ಸಿಸ್ಟರ್ ಸತ್ತಾಗ ಬಹಳ ಸಲ ಶಾರ್ಟ್ ಆಗಿ ಸಾಯ್ತದ. ಆವಾಗ 35 ವೋಲ್ಟ್ ಡಿಸಿ ಸೀದಾ ಸ್ಪೀಕರಿಗೆ. 6 ಓಮಿನ ಸುರುಳಿಯಾಗ ಅದು 200 ವ್ಯಾಟ್ ಬಿಸಿ. (ಪ್ಯಾಕೆಟ್ ಮೇಲಿನ 200 ಕೊನೆಗೂ ಸಿಕ್ತು ನೋಡ್ರಿ.) ಸುರುಳಿ ಕೆಂಪಗಾಗಿ ಕಾಗದದ ಕೋನು ಹೊತ್ತಿಕೊಳ್ಳಬಹುದು, ಪಕ್ಕದಾಗ ಪರದೆ ಇರ್ತದ. ಯುಪಿಸಿ1237 ಐಸಿಯ ರಿಲೇ ಬೋರ್ಡ್ ಡಿಸಿ ಕಂಡ ಕೂಡಲೇ ಸ್ಪೀಕರ್ ಕಡಿದುಹಾಕ್ತದ. ಹೊಳೆಯೋ ವಿಯು ಮೀಟರಿಗೆ ಹಾಕೋ ರೊಕ್ಕದಾಗ ಇದು ಬರ್ತದ. ವಿಯು ಮೀಟರ್ ದೀಪಾವಳಿಗೆ ಹಾಕೋಣಂತ.

8/10

‘ಹಾಡು ಬಂತು, ಮುಗೀತು’ ಅನ್ನೋರ ಜೊತೆ ನನ್ನ ದೊಡ್ಡ ಜಗಳ ಇಲ್ಲಿ. ಹಾಡು ಬಂದ ದಿನ ಅರ್ಧ ಕೆಲಸ ಆಗಿರ್ತದ. ಕಟ್ಟೋದು ಎರಡು ರವಿವಾರದ ಕೆಲಸ, ತಿದ್ದೋದು ಎರಡು ತಿಂಗಳದ್ದು.

ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಾಗ ಒಬ್ಬ ಅಲೆಯ ಮೇಲಿನ ಅರ್ಧ ಹೊರ್ತಾನ, ಇನ್ನೊಬ್ಬ ಕೆಳಗಿನ ಅರ್ಧ. ಇಬ್ಬರು ಹಮಾಲರು ಚೀಲ ಕೈಯಿಂದ ಕೈಗೆ ದಾಟಿಸಿದಂಗ. ಒಬ್ಬ ಬಿಟ್ಟ ಮೇಲೆ ಇನ್ನೊಬ್ಬ ಹಿಡಿಯೋದು ಒಂದು ಕ್ಷಣ ತಡ ಆದ್ರ ಚೀಲ ಕುಸೀತದ. ಅಲೆ ಸೊನ್ನೆ ದಾಟೋ ಜಾಗದಾಗ ಆಗೋ ಆ ಕುಸಿತಕ್ಕೆ ಕ್ರಾಸ್‌ಓವರ್ ಡಿಸ್ಟಾರ್ಶನ್ ಅಂತಾರ. ಇದನ್ನ ತಪ್ಪಿಸ್ಲಿಕ್ಕೆ ಇಬ್ಬರೂ ಒಂದು ಚೂರು ಹೊತ್ತು ಒಟ್ಟಿಗೆ ಹಿಡಿದಿರಬೇಕು; ಹಾಡು ಇಲ್ಲದಾಗಲೂ ಇಬ್ಬರ ಮೂಲಕ ಸ್ವಲ್ಪ ಕರೆಂಟ್ ಹರೀತಿರಬೇಕು. ಅದೇ ಬಯಸ್. ಎಮಿಟರ್ ರೆಸಿಸ್ಟರ್ 0.22 ಓಮ್ ಇದ್ರ, ಅದರ ಎರಡು ತುದಿಗೆ ಮೀಟರ್ ಹಚ್ಚಿ 11 ಮಿಲಿವೋಲ್ಟ್ ಬರೋಹಂಗ ಪ್ರಿಸೆಟ್ ತಿರುಗಿಸಿದ್ರ 50 ಮಿಲಿಆಂಪಿಯರ್. ಶುರು ಮಾಡ್ಲಿಕ್ಕೆ ಅದು ಒಳ್ಳೇ ಜಾಗ.

ಮಜಾ ಏನಂದ್ರ ಈ ದೋಷ ದೊಡ್ಡ ಸದ್ದಿನಾಗ ಕೇಳ್ಸೋದಿಲ್ಲ, ಸಣ್ಣ ಸದ್ದಿನಾಗ ಕೇಳಸ್ತದ. ಡಿಜೆ ರಿಮಿಕ್ಸ್ ಹಾಕಿ ಪರೀಕ್ಷೆ ಮಾಡಿದವರಿಗೆ ಇದು ಜನ್ಮದಾಗ ಸಿಗೋದಿಲ್ಲ. ತಂಬೂರಿ ಹಾಕ್ರಿ. ರಾತ್ರಿ ಹನ್ನೊಂದರ ಮೇಲೆ, ಪೇಟೆ ಮಲಗಿದ ಹೊತ್ತಿಗೆ, ವಾಲ್ಯೂಮ್ ಸಣ್ಣಗೆ ಇಟ್ಟು, ತಂತಿ ಮೀಟಿದ ನಾದ ಕರಗಿ ಹೋಗೋದನ್ನ ಕೇಳ್ರಿ. ಬಯಸ್ ಕಡಿಮೆ ಇದ್ರ ನಾದ ಕರಗೋದಿಲ್ಲ, ಕೊನೇಗೆ ಮರಳು ಉಜ್ಜಿದಂಗ ಆಗಿ ಹರಿದುಹೋಗ್ತದ. ನಾನು ಪರೀಕ್ಷೆಗೆ ಇಟ್ಕೊಂಡಿರೋದು ಕುಮಾರ ಗಂಧರ್ವರ ಧ್ವನಿಮುದ್ರಣ. ಇಲ್ಲೇ ಸುಳೇಭಾವಿಯಾಗ 1924ರಲ್ಲಿ ಹುಟ್ಟಿದವರು. ಊರಿನ ರಂಗಮಂದಿರಕ್ಕೆ ಅವರ ಹೆಸರೇ ಐತಿ. ಕ್ಷಯ ಬಂದು ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾದ ಮೇಲೆ ಮತ್ತೆ ಹಾಡಿದರು. ಆಮೇಲಿನ ಹಾಡಿಕೆಯಾಗ ಸಣ್ಣ ಸಣ್ಣ ತುಣುಕು, ನಡುವೆ ನಿಲುಗಡೆ. ಆ ನಿಲುಗಡೆಯಾಗ ಬರೀ ತಂಬೂರಿ ಉಳೀತದ. ಆಂಪ್ಲಿಫೈಯರ್ ಹೆಂಗೈತಿ ಅನ್ನೋದು ಅಲ್ಲೇ ಗೊತ್ತಾಗೋದು.

ಬಯಸ್ ಒಮ್ಮೆ ಹಚ್ಚಿದ್ರ ಮುಗೀಲಿಲ್ಲ. ಟ್ರಾನ್ಸಿಸ್ಟರ್ ಒಂದೊಂದು ಡಿಗ್ರಿ ಬಿಸಿ ಆದಾಗಲೂ ಅದನ್ನ ಆನ್ ಮಾಡ್ಲಿಕ್ಕೆ ಬೇಕಾದ ವೋಲ್ಟೇಜ್ 2 ಮಿಲಿವೋಲ್ಟಿನಷ್ಟು ಇಳೀತದ. ಅಂದ್ರ ಬಿಸಿ ಆದಷ್ಟೂ ಹೆಚ್ಚು ಕರೆಂಟ್, ಹೆಚ್ಚು ಕರೆಂಟಿಗೆ ಇನ್ನೂ ಬಿಸಿ, ಕೊನೆಗೆ ಹೊಗೆ. ಇದನ್ನ ಕಾಯೋದು ಬಯಸಿನ ಸಣ್ಣ ಟ್ರಾನ್ಸಿಸ್ಟರ್, ಬಹಳ ಸಲ ಬಿಡಿ139. ಅದನ್ನ ಬೋರ್ಡ್ ಮೇಲೆ ನಿಲ್ಲಿಸಿ ಬಿಟ್ಟವರು ಎಷ್ಟು ಮಂದಿ! ಅದು ಹೀಟ್‌ಸಿಂಕಿಗೆ, ದೊಡ್ಡ ಟ್ರಾನ್ಸಿಸ್ಟರುಗಳ ಮಗ್ಗುಲಿಗೆ ಅಂಟಿಕೊಂಡಿರಬೇಕು, ಅಂದ್ರ ಮಾತ್ರ ಅವುಗಳ ಜ್ವರ ಇದಕ್ಕೆ ತಿಳೀತದ. ಡಿಸೆಂಬರಿನ ಥಂಡಿಯಾಗ ಸೆಟ್ ಮಾಡಿದ್ದನ್ನ ಏಪ್ರಿಲ್‌ನಾಗ ಮತ್ತೊಮ್ಮೆ ನೋಡ್ರಿ. ಮತ್ತ ಯಾವಾಗ್ಲೂ ಇಪ್ಪತ್ತು ನಿಮಿಷ ಹಾಡಿಸಿದ ಮೇಲೆ ಅಳೀರಿ.

9/10

ಗುಂಯ್ ಅನ್ನೋ ಸದ್ದು. ಡಿಎಂನಾಗ ಎರಡನೇ ನಂಬರಿನ ಪ್ರಶ್ನೆ ಇದೇ. “ಅಣ್ಣಾ ಇನ್ನೂ ದೊಡ್ಡ ಕೆಪ್ಯಾಸಿಟರ್ ಹಾಕ್ಲಾ?” ಬ್ಯಾಡೋ ತಮ್ಮಾ. 4,700 ಮೈಕ್ರೋಫ್ಯಾರಡ್ ಇದ್ದಲ್ಲಿ 22,000 ಹಾಕಿದವರು ಬಂದು ಗುಂಯ್ ಇನ್ನೂ ಜಾಸ್ತಿ ಆಯ್ತು ಅಂದದ್ದೂ ಐತಿ. ಅದಕ್ಕ ಕಾರಣನೂ ಐತಿ.

ಮೊದಲು ಸದ್ದು ಎಲ್ಲಿಂದ ಬರ್ತದ ಅಂತ ಪತ್ತೆ ಹಚ್ಚಬೇಕು. ಇನ್‌ಪುಟ್ ಸಾಕೆಟ್ಟಿನ ಎರಡು ತುದಿ ಶಾರ್ಟ್ ಮಾಡ್ರಿ. ಸದ್ದು ನಿಂತ್ರ ಆಂಪ್ಲಿಫೈಯರ್ ನಿರಪರಾಧಿ. ಮೊಬೈಲ್ ಚಾರ್ಜರು, ಲ್ಯಾಪ್‌ಟಾಪ್, ಕೇಬಲ್ ಇವನ್ನ ನೋಡ್ರಿ. ನಿಲ್ಲದಿದ್ರ ಒಳಗಿನದು. ಆಗ ಕಿವಿ ಕೊಟ್ಟು ಕೇಳ್ರಿ. ದುಂಡಗೆ, ತಂಬೂರಿಯ ಖರ್ಜದಂಗ ಇದ್ರ ಅದು 50 ಹರ್ಟ್ಝ್: ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಇನ್‌ಪುಟ್ ವೈರಿಗೆ ಸೋಕ್ತಾ ಐತಿ. ಟ್ರಾನ್ಸ್‌ಫಾರ್ಮರನ್ನ ಕೈಯಾಗ ಹಿಡಿದು (ಮೇನ್ಸ್ ಬಂದ್ ಮಾಡಿ, ಬಿಚ್ಚಿ) ಕಾಲು ಸುತ್ತು ತಿರುಗಿಸಿ ಮತ್ತೆ ಕೂಡಿಸಿ ನೋಡ್ರಿ, ಎಷ್ಟೋ ಸಲ ಅಷ್ಟಕ್ಕೇ ಅರ್ಧ ಹೋಗ್ತದ. ಚೂಪಗೆ, ಜೇನು ನೊಣದಂಗ ಝುಂಯ್ ಅಂದ್ರ ಅದು 100 ಹರ್ಟ್ಝ್ ಮತ್ತು ಅದರ ಮೇಲಿನವು: ಗ್ರೌಂಡ್ ವೈರಿಂಗ್ ತಪ್ಪಾಗೈತಿ.

ಡಯೋಡಿನಿಂದ ಕೆಪ್ಯಾಸಿಟರಿಗೆ ಕರೆಂಟ್ ಹರಿಯೋದು ಸತತ ಧಾರೆಯಾಗಿ ಅಲ್ಲ, ಸೆಕೆಂಡಿಗೆ 100 ಸಲ ಸಣ್ಣ, ಜೋರಾದ ಗುದ್ದುಗಳಾಗಿ. ಆ ಗುದ್ದು ಹೋಗೋ ವೈರಿನ ತುಂಡಿಗೇ ನೀವು ಇನ್‌ಪುಟ್ಟಿನ ಗ್ರೌಂಡ್ ಕಟ್ಟಿದ್ರ, ಆ ತುಂಡಿನಾಗ ಬೀಳೋ ಮಿಲಿವೋಲ್ಟ್ ಹಾಡಿನ ಜೊತೆ ಸೇರಿ ದೊಡ್ಡದಾಗ್ತದ. ಕೆಪ್ಯಾಸಿಟರ್ ದೊಡ್ಡದು ಮಾಡಿದಷ್ಟೂ ಗುದ್ದು ಸಣ್ಣ ಹೊತ್ತಿನದು, ಜೋರಿನದು ಆಗ್ತದ. ಈಗ ತಿಳೀತಲ್ಲ, 22,000 ಹಾಕಿದವರಿಗೆ ಯಾಕ ಜಾಸ್ತಿ ಆಯ್ತು ಅಂತ?

ಪರಿಹಾರ ರೊಕ್ಕ ಕೇಳೋದಿಲ್ಲ. ಎರಡು ಕೆಪ್ಯಾಸಿಟರ್ ಕೂಡೋ ಜಾಗ ಮೊದಲು ಒಂದು ದಪ್ಪ ತಾಮ್ರದ ಪಟ್ಟಿ. ಟ್ರಾನ್ಸ್‌ಫಾರ್ಮರಿನ ನಡುವಿನ ವೈರ್ ಆ ಪಟ್ಟಿಗೆ. ಪಟ್ಟಿಯಿಂದ ಒಂದೇ ಒಂದು ವೈರ್ ಹೊರಗೆ ಬಂದು ಒಂದು ಬೋಲ್ಟಿಗೆ. ಆ ಬೋಲ್ಟಿನಿಂದ ಸ್ಪೀಕರ್ ಗ್ರೌಂಡ್, ಇನ್‌ಪುಟ್ ಗ್ರೌಂಡ್, ಪೆಟ್ಟಿಗೆ ಎಲ್ಲಕ್ಕೂ ಬೇರೆ ಬೇರೆ ವೈರ್. ಬೋಗಾರವೇಸ್ ಸರ್ಕಲ್ಲಿನಂಗ ಎಲ್ಲಾ ರಸ್ತೆ ಒಂದೇ ಕಡೆ ಕೂಡಬೇಕು, ಆದ್ರ ಒಂದು ರಸ್ತೆ ಇನ್ನೊಂದರ ಮನಿ ಅಂಗಳದಾಗ ಹಾದು ಹೋಗಬಾರದು.

ಸದ್ದಿಲ್ಲ, ಗುಂಯ್ ಇಲ್ಲ, ಆದ್ರ ಹಾಡು ಹಾಕದೇನೇ ಹೀಟ್‌ಸಿಂಕ್ ಬಿಸಿ, ಬಯಸ್ ಸರಿ ಐತಿ ಅಂದ್ರ? ಆಂಪ್ಲಿಫೈಯರ್ ಕಿವಿಗೆ ಕೇಳದ ಎತ್ತರದ ಸ್ವರದಾಗ ತಾನೇ ಹಾಡ್ತಾ ಐತಿ. ಔಟ್‌ಪುಟ್ಟಿಗೆ 10 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಜೋಡಿ ಐತೋ ಇಲ್ಲೋ ನೋಡ್ರಿ, ಅಗ್ಗದ ಬೋರ್ಡಿನಾಗ ಅದನ್ನೇ ಮೊದಲು ಕೈ ಬಿಟ್ಟಿರ್ತಾರ. ಖಾತ್ರಿ ಮಾಡ್ಲಿಕ್ಕೆ ಆಸಿಲೋಸ್ಕೋಪ್ ಬೇಕು. ಕೊನೇ ಪೋಸ್ಟಿನ ಮಾತು ಅಲ್ಲಿಂದಲೇ.

10/10

ಅದಕ್ಕಿಂತ ಮೊದಲು, ನಿಯತ್ತಾಗಿ ಒಂದು ಮಾತು. ಇಷ್ಟೆಲ್ಲಾ ಯಾಕ, ಟಿಪಿಎ3116 ಅಂತ ಕ್ಲಾಸ್-ಡಿ ಬೋರ್ಡ್ ಸಿಗ್ತದಲ್ಲ ಅಂತ ಕೇಳಿದವರಿದ್ದಾರ. ಸರಿಯಾದ ಪ್ರಶ್ನೆ. ನಿಮಗ ಬರೀ ಹಾಡು ಬೇಕಂದ್ರ ಅದನ್ನೇ ತಗೋರಿ. ಖಾನಾಪುರದ ಕಾಡಂಚಿನ ಹಳ್ಳಿಯಾಗ ಬ್ಯಾಟರಿ, ಸೋಲಾರ್ ಮೇಲೆ ನಡೆಸೋರು ಅದನ್ನೇ ತಗೋಬೇಕು. ನಮ್ಮ ಕ್ಲಾಸ್-ಎಬಿ ಫುಲ್ ಪವರಿನಾಗಲೂ ಪುಸ್ತಕದ ಲೆಕ್ಕದ 78 ಪ್ರತಿಶತ ಮುಟ್ಟೋದಿಲ್ಲ, ಕ್ಲಾಸ್-ಡಿ 90 ದಾಟ್ತದ. ಬ್ಯಾಟರಿ ಮುಂದ ಹಠ ಮಾಡಬಾರದು.

ಆದ್ರ ಅದು ಸತ್ತ ದಿನ ಪೂರ್ತಿ ಸತ್ತಂಗ. ಅಕ್ಕಿಕಾಳಿನಷ್ಟು ಭಾಗ. ನಮ್ಮ ರಿಪೇರಿಯವರ 25 ವ್ಯಾಟಿನ ಸೋಲ್ಡರಿಂಗ್ ಐರನ್‌ಗೆ ಅದು ಬಗ್ಗೋದಿಲ್ಲ. ಬಿಡಿ ಟ್ರಾನ್ಸಿಸ್ಟರಿನಾಗ ಕಟ್ಟಿದ್ದು ಇಪ್ಪತ್ತು ವರ್ಷದ ಮೇಲೆ ಕೆಟ್ರೂ ಸರ್ಕ್ಯೂಟ್ ಚಿತ್ರ ಪೆಟ್ಟಿಗೆ ಒಳಗ ಅಂಟಿಸಿದ್ರ ಯಾರಾದ್ರೂ ಒಂದು ಟ್ರಾನ್ಸಿಸ್ಟರ್ ಬದಲಿಸಿ ಮತ್ತೆ ಹಾಡಿಸ್ತಾರ. ಓಣಿಯಾಗ ಟಿವಿ, ಟೇಪ್ ರಿಪೇರಿ ಮಾಡ್ತಿದ್ದ ಕಾಕಾಗಳು ಒಬ್ಬೊಬ್ಬರೇ ಅಂಗಡಿ ಮುಚ್ಚಿ ಮೊಬೈಲ್ ಕವರ್ ಮಾರ್ಲಿಕ್ಕೆ ಹತ್ಯಾರ. ಅವರ ಕೈಯಾಗ ಇರೋ ವಿದ್ಯೆ ಮುಂದಿನ ಹುಡುಗನಿಗೆ ದಾಟೋ ದಾರಿ ಅಂದ್ರ ಇಂಥಾ ಒಂದು ಪೆಟ್ಟಿಗೆ ಒಟ್ಟಿಗೆ ಕುಂತು ಕಟ್ಟೋದು. ಯೂಟ್ಯೂಬಿನಾಗ ಸುಟ್ಟ ರೆಸಿಸ್ಟರಿನ ವಾಸನಿ ಬರೋದಿಲ್ಲ.

ಈಗ ನನ್ನ ಬೇಡಿಕೆ. ಈ ಜಿಲ್ಲೆಯಾಗ ವಿಟಿಯು ಐತಿ, ಎಷ್ಟೋ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐ ಅದಾವ. ಪ್ರತಿಯೊಂದರ ಲ್ಯಾಬಿನಾಗ ಆಸಿಲೋಸ್ಕೋಪ್, ಸಿಗ್ನಲ್ ಜನರೇಟರ್ ಇರ್ತಾವ, ರವಿವಾರ ಅವಕ್ಕ ಬಟ್ಟೆ ಹೊದಿಸಿರ್ತಾರ. ತಿಂಗಳಿಗೆ ಒಂದು ರವಿವಾರ, ಒಂದು ಟೇಬಲ್, ಎರಡು ತಾಸು ಬಿಟ್ಟುಕೊಡ್ರಿ. 8 ಓಮಿನ ಡಮ್ಮಿ ಲೋಡ್ ನಾನು ತರ್ತೀನಿ. 100 ವ್ಯಾಟಿನ ರೆಸಿಸ್ಟರುಗಳು, ಬಕೆಟ್ ನೀರಿನಾಗ ಅಲ್ಲ, ಹೀಟ್‌ಸಿಂಕ್ ಮೇಲೆ ಕೂಡಿಸಿದ್ದು. ಯಾರು ಬೇಕಾದ್ರೂ ತಮ್ಮ ಬೋರ್ಡ್ ತಂದು ತೂಗಿಸಬಹುದು. ಅಲೆಯ ತಲೆ ಚಪ್ಪಟೆ ಆಗೋ ತನಕ ಏರಿಸೋದು, ಅಲ್ಲಿ ವೋಲ್ಟೇಜ್ ಓದೋದು, ವರ್ಗ ಮಾಡಿ ಭಾಗಿಸೋದು, ಬಂದ ಅಂಕಿಯನ್ನ ಪ್ಯಾಕೆಟ್ ಮೇಲಿನ ಅಂಕಿಯ ಪಕ್ಕದಾಗ ಬರೆದು ಗೋಡೆಗೆ ಹಚ್ಚೋದು. ಅಂಗಡಿ ಹೆಸರು ಬ್ಯಾಡ, ಐಸಿ ನಂಬರ್ ಮತ್ತು ಎರಡು ಅಂಕಿ ಸಾಕು. ಮಾರೋರೂ ಬರ್ರಿ, ನಿಮಗೂ ತಾವು ಏನು ಮಾರ್ತೀವಿ ಅಂತ ತಿಳೀಲಿ.

ಲ್ಯಾಬಿನ ಮಾಸ್ತರು ಯಾರಾದ್ರೂ ಇದನ್ನ ಓದ್ತಿದ್ರ ಡಿಎಂ ಮಾಡ್ರಿ ಸರ್. ಖಾನಾಪುರದಿಂದ ಬರೋ ಹುಡುಗರಿಗೆ ಬೆಳಗಿನ ಹತ್ತು ಗಂಟೆ ಅನುಕೂಲ, ಬಸ್ಸು ಸಿಗ್ತಾವ. ಬರೋರು ಬೋರ್ಡ್ ಜೊತೆ ಪ್ಯಾಕೆಟ್ಟೂ ತರ್ರಿ, ಬಿಸಾಕಬ್ಯಾಡ್ರಿ.

#ರವಿವಾರಪೇಟೆ #ಬೆಳಗಾವಿ #ಖಾನಾಪುರ #ಮನೆಯಲ್ಲೇಕಟ್ಟಿದಆಂಪ್ಲಿಫೈಯರ್